ಪದ ಪರಿಚಯ: ಅಪೊಲೊಜಿಯ

‘ಅಪಾಲಜಿ’ ಅಂದ ಕೂಡಲೇ ನಮಗೆ ನೆನಪಾಗುವುದು ಕ್ಷಮೆ. ಹಾಗಾಗಿ ‘ಕ್ರಿಶ್ಚಿಯನ್ ಅಪೊಲೊಜೆಟಿಕ್ಸ್’ ಅನ್ನುವ ಮಾತು ಮೊದಲ ಸಲ ಕಿವಿಗೆ ಬಿದ್ದಾಗ, ಕ್ರೈಸ್ತರು ಯಾರ ಹತ್ತಿರವೋ ಕ್ಷಮೆ ಕೇಳುತ್ತಿದ್ದಾರೆ ಅನ್ನಿಸುವುದು ಸಹಜ. ಆದರೆ ಗ್ರೀಕಿನ ‘ಅಪೊಲೊಜಿಯ’ ಕೋರ್ಟಿನ ಪದ. ಆರೋಪ ಹೊತ್ತವನು ಎದ್ದು ನಿಂತು ತನ್ನ ಪರವಾಗಿ ಆಡುವ ಮಾತಿಗೆ ಆ ಹೆಸರು. ಕ್ರಿ.ಪೂ. 399ರಲ್ಲಿ ಅಥೆನ್ಸಿನಲ್ಲಿ ಸಾಕ್ರಟೀಸ್ ಆಡಿದ್ದು ಅಂಥ ಮಾತೇ. ಅವನು ಕ್ಷಮೆ ಕೇಳಲಿಲ್ಲ.

ಅಪೊಲೊಜೆಟಿಕ್ಸನ್ನು ಕನ್ನಡದಲ್ಲಿ ‘ನಂಬಿಕೆಯ ಸಮರ್ಥನೆ’ ಅನ್ನಬಹುದು. ನನಗೆ ಮಾತ್ರ ‘ಉತ್ತರ’ ಅನ್ನುವ ಸಾದಾ ಪದವೇ ಜಾಸ್ತಿ ಇಷ್ಟ. ಯಾಕಂದ್ರೆ ಉತ್ತರ ಅಂದರೆ ಮೊದಲು ಯಾರೋ ಪ್ರಶ್ನೆ ಕೇಳಿರಬೇಕು. ಬೈಬಲಿನಲ್ಲಿ ಯೇಸುವಿನ ಶಿಷ್ಯ ಪೇತ್ರನ ಮೊದಲನೆಯ ಪತ್ರದಲ್ಲಿ (3:15) ಈ ಪದ ಬರುವುದೂ ಹಾಗೆಯೇ. ನಿಮ್ಮೊಳಗಿರುವ ನಿರೀಕ್ಷೆಗೆ ಆಧಾರವೇನು ಎಂದು ಕೇಳುವವರಿಗೆಲ್ಲ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಅದನ್ನು ಸೌಮ್ಯವಾಗಿ, ಭಯಭಕ್ತಿಯಿಂದ ಕೊಡಿ ಅನ್ನುತ್ತಾನೆ. ಈ ಎರಡನೆಯ ಭಾಗವನ್ನು ಮರೆತವರು ವಾದ ಗೆಲ್ಲುತ್ತಾರೆ, ಪ್ರಶ್ನೆ ಕೇಳಿದವರನ್ನು ಕಳೆದುಕೊಳ್ಳುತ್ತಾರೆ.

ಎರಡನೆಯ ಶತಮಾನದ ರೋಮಿನಲ್ಲಿ ಪ್ರಶ್ನೆಗಳು ಜೀವಕ್ಕೇ ಕುತ್ತು ತರುವಂಥವು. ರೋಮಿನ ದೇವರುಗಳನ್ನು ಪೂಜಿಸದ ಕ್ರೈಸ್ತರು ನಾಸ್ತಿಕರು, ಗುಟ್ಟಾಗಿ ನರಮಾಂಸ ತಿನ್ನುತ್ತಾರೆ ಅಂತ ಜನ ಆಡಿಕೊಳ್ಳುತ್ತಿದ್ದರು. ಜಸ್ಟಿನ್ ಎಂಬ ಕ್ರೈಸ್ತ ತತ್ವಜ್ಞಾನಿ ಚಕ್ರವರ್ತಿ ಆಂಟೊನೈನಸ್ ಪಯಸ್‌ಗೇ ಉತ್ತರ ಬರೆದ. ಸಾಕ್ರಟೀಸನನ್ನೂ ನಾಸ್ತಿಕ ಅಂದಿದ್ದರಲ್ವಾ ಎಂದು ನೆನಪಿಸಿದ. ಆಮೇಲೆ ಅವನು ಮಾಡಿದ್ದು ನನಗೆ ತುಂಬ ಹಿಡಿಸುತ್ತದೆ. ಮುಚ್ಚಿದ ಬಾಗಿಲ ಹಿಂದೆ ಏನು ನಡೆಯುತ್ತದೆ ಎಂದು ಬಾಗಿಲು ತೆರೆದು ತೋರಿಸಿಬಿಟ್ಟ. ಭಾನುವಾರ ಸೇರುತ್ತೇವೆ. ಪ್ರವಾದಿಗಳ ಬರಹ ಓದುತ್ತೇವೆ. ಎದ್ದು ನಿಂತು ಪ್ರಾರ್ಥಿಸುತ್ತೇವೆ. ರೊಟ್ಟಿ, ನೀರು ಬೆರೆಸಿದ ದ್ರಾಕ್ಷಾರಸ ಹಂಚಿಕೊಳ್ಳುತ್ತೇವೆ. ಬರಲಾಗದವರ ಮನೆಗೂ ಅದನ್ನು ಕಳಿಸುತ್ತೇವೆ. ಉಳ್ಳವರು ಕೊಟ್ಟ ಹಣ ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಸೆರೆಯಲ್ಲಿರುವವರಿಗೆ ಹೋಗುತ್ತದೆ. ಇದೂ ಅವನ ಅಪೊಲೊಜಿಯದ ಭಾಗವೇ. ಸುಮಾರು 165ರಲ್ಲಿ ರೋಮಿನಲ್ಲೇ ಅವನ ತಲೆ ಕಡಿಸಿದರು.

ಮುಂದೆ ಟೆರ್ಟುಲಿಯನ್, ಆರಿಜೆನ್ ಎಂಬ ಕ್ರೈಸ್ತ ಲೇಖಕರು ಈ ದಾರಿಯಲ್ಲಿ ನಡೆದರು. ಪ್ರಶ್ನೆಗಳು ಬದಲಾದವು: ದೇವರಿದ್ದಾನೆ ಅನ್ನಲು ಏನು ಆಧಾರ, ಸತ್ತ ಯೇಸು ಎದ್ದದ್ದು ನಿಜವೇ, ವಿಜ್ಞಾನದ ಜೊತೆ ನಂಬಿಕೆ ಹೊಂದುತ್ತದೆಯೇ. ಇವಕ್ಕೆ ಓದು ಬೇಕು, ಇತಿಹಾಸ ಬೇಕು, ತರ್ಕ ಬೇಕು. ಸುಮ್ನೆ ‘ನಂಬು, ಪ್ರಶ್ನೆ ಕೇಳಬೇಡ’ ಅನ್ನುವುದು ಪೇತ್ರ ಹೇಳಿದ ಉತ್ತರವಲ್ಲ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ನೋವಿನದು. ದೇವರು ಒಳ್ಳೆಯವನಾದರೆ ಹೀಗೇಕಾಯಿತು? ಬೈಬಲಿನ ಯೋಹಾನನ ಸುವಾರ್ತೆಯ 11ನೇ ಅಧ್ಯಾಯದಲ್ಲಿ ಈ ಪ್ರಶ್ನೆ ಎರಡು ಸಲ ಬರುತ್ತದೆ. ಬೇಥಾನ್ಯ ಎಂಬ ಊರಿನಲ್ಲಿ ಯೇಸುವಿನ ಗೆಳೆಯ ಲಾಜರ ತೀರಿಕೊಂಡು ನಾಲ್ಕು ದಿನವಾಗಿದೆ. ಯೇಸು ತಡವಾಗಿ ಬರುತ್ತಾನೆ. ಲಾಜರನ ಸೋದರಿ ಮಾರ್ಥ ಊರ ಹೊರಗೇ ಎದುರಾಗಿ, ನೀನು ಇಲ್ಲಿ ಇದ್ದಿದ್ದರೆ ನನ್ನ ಸೋದರ ಸಾಯುತ್ತಿರಲಿಲ್ಲ ಅನ್ನುತ್ತಾಳೆ. ಅವಳಿಗೆ ಯೇಸು ಮಾತಿನಲ್ಲಿ ಉತ್ತರ ಕೊಡುತ್ತಾನೆ. ಪುನರುತ್ಥಾನವೂ ಜೀವವೂ ನಾನೇ, ಇದನ್ನು ನಂಬುತ್ತೀಯಾ ಎಂದು ಕೇಳುತ್ತಾನೆ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಸೋದರಿ ಮರಿಯಳು ಬಂದು ಕಾಲಿಗೆ ಬೀಳುತ್ತಾಳೆ. ಅವಳ ಬಾಯಲ್ಲೂ ಅದೇ ಮಾತು. ಅವಳಿಗೆ ಯೇಸು ಏನನ್ನೂ ವಿವರಿಸುವುದಿಲ್ಲ. ಅವನನ್ನು ಎಲ್ಲಿ ಇಟ್ಟಿದ್ದೀರಿ ಎಂದಷ್ಟೇ ಕೇಳುತ್ತಾನೆ. ಬಂದು ನೋಡು ಅನ್ನುತ್ತಾರೆ. ಯೇಸು ಅಳುತ್ತಾನೆ.