ಹೆಡ್ಜಿಂಗ್: ವಾಕ್ಯಕ್ಕೊಂದು ಬೇಲಿ

ಪ್ರಬಂಧದ ಕರಡು ಮಾರ್ಗದರ್ಶಕರ ಕೈಯಿಂದ ಮರಳಿ ಬಂದಾಗ ಅಂಚಿನಲ್ಲಿ ಒಂದು ಪ್ರಶ್ನೆ ಕಾದಿರುತ್ತದೆ: ‘ಇಷ್ಟು ಖಡಾಖಂಡಿತವಾಗಿ ಹೇಗೆ ಹೇಳುತ್ತೀರಿ?’ ಆ ಪ್ರಶ್ನೆಗೆ ಎಡೆಯಿಲ್ಲದಂತೆ ಬರೆಯುವುದಕ್ಕೆ ಹೆಡ್ಜಿಂಗ್ ಎನ್ನುತ್ತಾರೆ. ಹೆಡ್ಜ್ ಎಂದರೆ ಗಿಡಗಳನ್ನು ಒತ್ತಾಗಿ ಬೆಳೆಸಿ ಮಾಡಿದ ಬೇಲಿ. ಮಾತಿನ ಅರ್ಥವನ್ನು ಮಸುಕಾಗಿಸುವ ಅಥವಾ ಆ ಮಸುಕನ್ನು ತಗ್ಗಿಸುವ ಪದಗಳನ್ನು ಭಾಷಾವಿಜ್ಞಾನಿ ಜಾರ್ಜ್ ಲೇಕಾಫ್ 1972ರಲ್ಲಿ ಈ ಹೆಸರಿನಿಂದ ಕರೆದರು. ಈಗ ಪದದ ವ್ಯಾಪ್ತಿ ಹಿಗ್ಗಿದೆ. ಪುರಾವೆ ಎಲ್ಲಿಯವರೆಗೆ ಇದೆಯೋ ಹೇಳಿಕೆಯೂ ಅಲ್ಲಿಯವರೆಗೆ ಮಾತ್ರ ಎಂದು ತೋರಿಸುವ ಎಲ್ಲ ಉಪಾಯಗಳೂ ಇದರೊಳಗೆ ಬರುತ್ತವೆ.

ಅರವತ್ತು ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಹಂಚಿದ ಒಬ್ಬಳು ಹೀಗೆ ಬರೆದಳು ಎಂದಿಟ್ಟುಕೊಳ್ಳೋಣ: ‘ಮೊಬೈಲ್ ಬಳಕೆಯಿಂದ ವಿದ್ಯಾರ್ಥಿಗಳ ಏಕಾಗ್ರತೆ ಹಾಳಾಗುತ್ತದೆ.’ ಯಾವ ವಿದ್ಯಾರ್ಥಿಗಳು? ಲೋಕದವರೆಲ್ಲರೂ? ಏಕಾಗ್ರತೆ ಇಲ್ಲದವರೇ ಮೊಬೈಲಿಗೆ ಕೈ ಹಾಕುತ್ತಿರಬಾರದೇಕೆ? ಟಿಪ್ಪಣಿ ಬಂದ ಮೇಲೆ ಹೆದರಿ ಅವಳು ತಿದ್ದಿದ್ದು ಹೀಗೆ: ‘ಮೊಬೈಲ್ ಬಳಕೆಯು ಬಹುಶಃ ಕೆಲವೊಮ್ಮೆ ಕೆಲವರ ಏಕಾಗ್ರತೆಯ ಮೇಲೆ ಒಂದು ರೀತಿಯಲ್ಲಿ ಪರಿಣಾಮ ಬೀರಬಹುದೇನೋ ಎನಿಸುತ್ತದೆ.’ ಬೇಲಿಯೇ ಎದ್ದು ಹೊಲ ಮೇಯ್ದದ್ದು ಎಂದರೆ ಇದೇ. ಆರು ಬೇಲಿಗಳಿವೆ, ಒಳಗೆ ಪೈರಿಲ್ಲ.

ಮೂರನೆಯ ಸಲ: ‘ಉತ್ತರಿಸಿದ 60 ಮಂದಿಯಲ್ಲಿ ಮೊಬೈಲನ್ನು ಹೆಚ್ಚು ಬಳಸುವವರೇ ಏಕಾಗ್ರತೆಯ ತೊಂದರೆಯನ್ನೂ ಹೆಚ್ಚಾಗಿ ಹೇಳಿಕೊಂಡರು, ಎರಡಕ್ಕೂ ನಂಟಿರುವಂತೆ ತೋರುತ್ತದೆ.’ ಇಲ್ಲಿ ಅನುಮಾನದ ಮಾತು ಒಂದೇ, ‘ತೋರುತ್ತದೆ’. ಉಳಿದ ಎಚ್ಚರವನ್ನೆಲ್ಲ ವಿವರವೇ ವಹಿಸಿಕೊಂಡಿದೆ: ಎಷ್ಟು ಮಂದಿ, ಯಾರು, ಅವರು ಹೇಳಿಕೊಂಡದ್ದೇ ಅಥವಾ ನಾವು ಅಳೆದದ್ದೇ ಎಂಬುದು.

ಇದನ್ನು ಪುಕ್ಕಲುತನವೆಂದು ತಿಳಿಯುವವರಿದ್ದಾರೆ. ಡಿಎನ್‌ಎಯ ಜೋಡಿ ಸುರುಳಿಯನ್ನು ಜಗತ್ತಿಗೆ ತಿಳಿಸಿದ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಲೇಖನವನ್ನು ಅಂಥವರು ನೋಡಬೇಕು. ಅದು ಶುರುವಾಗುವುದೇ ಒಂದು ರಚನೆಯನ್ನು ‘ಸೂಚಿಸಲು ಬಯಸುತ್ತೇವೆ’ ಎಂಬ ಧಾಟಿಯಲ್ಲಿ. ಕೊನೆಯ ಭಾಗದಲ್ಲಿ, ಈ ಜೋಡಣೆಯು ಆನುವಂಶಿಕ ವಸ್ತು ನಕಲಾಗುವ ಒಂದು ಸಂಭವನೀಯ ವಿಧಾನವನ್ನು ಸೂಚಿಸುತ್ತದೆ ಎಂಬುದು ನಮ್ಮ ಗಮನಕ್ಕೆ ಬಾರದೆ ಹೋಗಿಲ್ಲ ಎನ್ನುತ್ತಾರೆ. ಗತ್ತು ಎಷ್ಟಿದೆಯೋ ಎಚ್ಚರವೂ ಅಷ್ಟೇ ಇದೆ. ನಕಲಾಗುವ ಬಗೆಗೆ ಪ್ರಯೋಗದ ಗಟ್ಟಿ ಆಧಾರ ಸಿಕ್ಕಿದ್ದು 1958ರಲ್ಲಿ, ಮೆಸೆಲ್ಸನ್ ಮತ್ತು ಸ್ಟಾಲ್ ಅವರಿಂದ.

ಕನ್ನಡದಲ್ಲಿ ಬರೆಯುವವರಿಗೆ ಈ ಬೇಲಿಯ ಸಾಮಗ್ರಿ ವ್ಯಾಕರಣದಲ್ಲೇ ಸಿಗುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತ ಸಂಭಾವನಾರ್ಥಕ ಕ್ರಿಯಾಪದ ನೆನಪಿದೆಯೇ? ‘ಬಂದಾರು’, ‘ಹೆಚ್ಚೀತು’, ‘ತಗ್ಗೀತು’. ಆಗುತ್ತದೆಯೋ ಇಲ್ಲವೋ ತಿಳಿಯದ, ಆದರೆ ಆಗಬಾರದೆಂದೇನೂ ಇಲ್ಲದ ಸ್ಥಿತಿಯನ್ನು ಒಂದೇ ಪದದಲ್ಲಿ ಹಿಡಿಯುವ ರೂಪ ಅದು. ಪ್ರಬಂಧಗಳಲ್ಲಿ ಅದನ್ನು ಕಾಣುವುದು ಅಪರೂಪವಾಗಿದೆ. ನನಗಂತೂ ಇದು ನಷ್ಟವೆಂದೇ ಅನಿಸುತ್ತದೆ. ಎಲ್ಲ ಕೆಲಸವನ್ನೂ ‘ಬಹುದು’ ಒಂದರ ಮೇಲೆ ಹೇರಿದ್ದೇವೆ. ಅದಾದರೋ ಸಾಧ್ಯತೆಯನ್ನೂ ಅನುಮತಿಯನ್ನೂ ಒಟ್ಟಿಗೇ ಹೇಳುವ ಪದ. ‘ರೋಗಿಗಳು ಈ ಮಾತ್ರೆಯನ್ನು ನಿಲ್ಲಿಸಬಹುದು’ ಎಂದರೆ ಅವರು ತಾವಾಗಿಯೇ ನಿಲ್ಲಿಸಿಬಿಡುವ ಸಂಭವವಿದೆ ಎಂದೋ, ನಿಲ್ಲಿಸಿದರೆ ತೊಂದರೆಯಿಲ್ಲ ಎಂದೋ? ‘ನಿಲ್ಲಿಸಿಬಿಡುವ ಸಾಧ್ಯತೆಯಿದೆ’ ಎಂದು ಬರೆದರೆ ಗೊಂದಲ ಮುಗಿಯಿತು.

ತಾನೇ ಮಾಡಿದ ಕೆಲಸವನ್ನು ವಿವರಿಸುವಾಗ ಮಾತ್ರ ಬೇಲಿ ಬೇಡ. ಪ್ರಶ್ನಾವಳಿಯನ್ನು ಅರವತ್ತು ಜನರಿಗೆ ಕೊಟ್ಟವಳು ‘ಸುಮಾರು ಅರವತ್ತು ಜನರಿಗೆ ಕೊಟ್ಟಿರಬಹುದು’ ಎಂದು ಬರೆದರೆ, ಅಂಚಿನಲ್ಲಿ ಮತ್ತೊಂದು ಪ್ರಶ್ನೆ ಕಾದಿರುತ್ತದೆ: ‘ಎಣಿಸಲಿಲ್ಲವೇ?’