ಸನ್ನದು ಸಿಕ್ಕ ಮೇಲೆ ವಕೀಲರಿಗೆ ಕಲಿಸುವವರು ಯಾರು?

2024ರ ಜುಲೈ 1ರಂದು ದೇಶದ ಕ್ರಿಮಿನಲ್ ವಕೀಲರಿಗೆ ಬಾಯಿಪಾಠವಾಗಿದ್ದ ಕಲಂಗಳೆಲ್ಲ ಒಂದೇ ದಿನ ಹಳತಾದವು. ಕೊಲೆ ಅಂದರೆ 302, ವಂಚನೆ ಅಂದರೆ 420 ಅಂತ ನಿದ್ದೆಗಣ್ಣಲ್ಲೂ ಹೇಳುತ್ತಿದ್ದವರು ಹಳೆಯ ದಂಡ ಸಂಹಿತೆಯ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 103, 318 ಅಂತ ಹುಡುಕತೊಡಗಿದರು. ಕೊಲೆಗೆ ಮೀಸಲಾಗಿದ್ದ 302ರ ಜಾಗದಲ್ಲಿ ಈಗ ಇರುವುದು ಧಾರ್ಮಿಕ ಭಾವನೆ ನೋಯಿಸುವ ಮಾತಿನ ಅಪರಾಧ. ಇನ್ನೂ ಗೊಂದಲದ್ದು 482. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು ಎಫ್‌ಐಆರ್ ರದ್ದು ಮಾಡಿ ಅಂತ ಹೈಕೋರ್ಟಿಗೆ ಹೋಗುವ ದಾರಿ. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ 482 ನಿರೀಕ್ಷಣಾ ಜಾಮೀನು. ರದ್ದತಿ ಅರ್ಜಿ 528ಕ್ಕೆ ಹೋಯಿತು. ಹಾಗಂತ ಹಳೆಯದನ್ನು ಮರೆಯುವ ಹಾಗೂ ಇಲ್ಲ. ಜುಲೈ 1ಕ್ಕೆ ಮೊದಲು ನಡೆದ ಅಪರಾಧಕ್ಕೆ ಇವತ್ತಿಗೂ ಹಳೆಯ ದಂಡ ಸಂಹಿತೆಯೇ ಅನ್ವಯ.

ಇದನ್ನೆಲ್ಲ ವಕೀಲರಿಗೆ ಹೇಳಿಕೊಟ್ಟವರು ಯಾರು? ಪೊಲೀಸರಿಗೆ ಇಲಾಖೆಯೇ ತರಬೇತಿ ಕೊಟ್ಟಿತು. ನ್ಯಾಯಾಧೀಶರಿಗೆ ಭೋಪಾಲದ ರಾಷ್ಟ್ರೀಯ ನ್ಯಾಯಾಂಗ ಅಕಾಡೆಮಿ ಇದೆ, ರಾಜ್ಯಗಳಲ್ಲೂ ಅಕಾಡೆಮಿಗಳಿವೆ. ವಕೀಲರಿಗೆ ಸಿಕ್ಕಿದ್ದು ಸಂಘದವರು ಏರ್ಪಡಿಸಿದ ಉಪನ್ಯಾಸ, ಪ್ರಕಾಶಕರು ಹೊರತಂದ ಹೋಲಿಕೆ ಪಟ್ಟಿ, ವಾಟ್ಸ್‌ಆಪ್‌ನಲ್ಲಿ ಓಡಾಡಿದ ಪಿಡಿಎಫ್. ಓದುವವರು ಓದಿಕೊಂಡರು. ಓದದವರನ್ನು ಕೇಳುವವರು ಇರಲಿಲ್ಲ.

ಬೇರೆ ವೃತ್ತಿಗಳಲ್ಲಿ ಹೀಗಿಲ್ಲ. ವೈದ್ಯರ ನಡಾವಳಿ ಕುರಿತ 2002ರ ನಿಯಮಗಳು ಐದು ವರ್ಷಕ್ಕೆ 30 ಗಂಟೆ ಮುಂದುವರಿದ ಶಿಕ್ಷಣ ಪಡೆಯಬೇಕು ಅನ್ನುತ್ತವೆ. ಸ್ವಂತ ಪ್ರ್ಯಾಕ್ಟೀಸ್ ಮಾಡುವ ಚಾರ್ಟರ್ಡ್ ಅಕೌಂಟೆಂಟ್‌ಗಳಿಗೆ ಮೂರು ವರ್ಷಕ್ಕೆ 120 ಗಂಟೆ. ವಕೀಲರಿಗೆ ದೇಶದ ಮಟ್ಟದಲ್ಲಿ ಇಂಥ ಒಂದು ಲೆಕ್ಕ ಜಾರಿಯಲ್ಲಿಲ್ಲ. 1985ರಲ್ಲಿ ಸನ್ನದು ಪಡೆದವರು ಆಮೇಲೆ ಒಂದು ಪುಟ ಓದದಿದ್ದರೂ ಕಾನೂನಿನ ಪ್ರಕಾರ ಪೂರ್ಣಪ್ರಮಾಣದ ವಕೀಲರೇ.

ಹೀಗಾಗಲು ಕಾರಣ ಹುಡುಕಿದರೆ ಒಂದು ವಿಚಿತ್ರ ಕಾಣುತ್ತದೆ. ನಮ್ಮಲ್ಲಿ ವಕೀಲರ ತರಬೇತಿ ಬಗ್ಗೆ ಚರ್ಚೆಗೇನೂ ಬರವಿಲ್ಲ. ಆರು ದಶಕಗಳಿಂದ ನಡೆಯುತ್ತಲೇ ಇದೆ. ಆದರೆ ಅದೆಲ್ಲ ಬಾಗಿಲ ಬಳಿಯ ಜಗಳ. ಯಾರನ್ನು ಒಳಗೆ ಬಿಡಬೇಕು ಅನ್ನುವುದೇ ಮುಗಿಯದೆ, ಒಳಗೆ ಬಂದವರ ಮಾತು ಶುರುವಾಗಲೇ ಇಲ್ಲ.

ಮೊದಲೆಲ್ಲ ಕಲಿಕೆ ಅಂದರೆ ಸೀನಿಯರ್ ಆಫೀಸು. ಪದವಿಗೂ ಕಸುಬಿಗೂ ಇರುವ ದೂರ ಎಷ್ಟು ಅನ್ನುವುದಕ್ಕೆ ಗಾಂಧೀಜಿಯ ಕಥೆಯೇ ಸಾಕು. ಅವರು 1891ರಲ್ಲಿ ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆದರು. ಆಗ ಪರೀಕ್ಷೆಯ ಜೊತೆಗೆ ಇನ್‌ಗಳೆಂಬ ವಕೀಲರ ಸಂಸ್ಥೆಗಳಲ್ಲಿ ಇಂತಿಷ್ಟು ಔತಣಕೂಟಗಳಿಗೆ ಹಾಜರಾಗುವುದೂ ಅರ್ಹತೆಯ ಭಾಗ. ಊರಿಗೆ ಬಂದ ಮೇಲೆ ಮುಂಬೈಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ 30 ರೂಪಾಯಿ ಫೀಜಿನ ಮೊದಲ ಕೇಸು. ಪ್ರತಿವಾದಿಯ ಪರ. ವಾದಿಯ ಸಾಕ್ಷಿಗಳನ್ನು ಪಾಟಿ ಸವಾಲು ಮಾಡಬೇಕು. ಎದ್ದು ನಿಂತರು, ತಲೆ ತಿರುಗಿತು, ಕೇಳಲು ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕುಳಿತುಬಿಟ್ಟರು. ಫೀಜು ವಾಪಸ್ ಕೊಡುತ್ತೇನೆ, ಬೇರೆ ವಕೀಲರನ್ನು ಇಟ್ಟುಕೊಳ್ಳಿ ಅಂದರು. ಕಾನೂನು ಗೊತ್ತಿತ್ತು, ಕೋರ್ಟಿನಲ್ಲಿ ಅದನ್ನು ಬಳಸುವುದು ಗೊತ್ತಿರಲಿಲ್ಲ. ಅವರಂತೆ ಫೀಜು ವಾಪಸ್ ಕೊಡುವವರು ಮಾತ್ರ ಕಡಿಮೆ, ಬಿಡಿ.

1961ರ ವಕೀಲರ ಕಾಯ್ದೆ ಬರೆದವರಿಗೆ ಈ ಕೊರತೆ ಗೊತ್ತಿತ್ತು. ಪದವಿಯ ನಂತರ ತರಬೇತಿ ಪಡೆದು, ಪರೀಕ್ಷೆ ಪಾಸಾದರೆ ಮಾತ್ರ ನೋಂದಣಿ ಅಂತ 24ನೇ ಕಲಮಿನಲ್ಲಿ ಒಂದು ಷರತ್ತು ಇಟ್ಟಿದ್ದರು. 1973ರ ತಿದ್ದುಪಡಿ ಅದನ್ನು ಕಿತ್ತುಹಾಕಿತು. 1974ರ ಜನವರಿ ಕೊನೆಯಿಂದ ಪದವಿ ಕೈಗೆ ಬಂದರೆ ಸಾಕು, ಸನ್ನದು ಸಿಗುವುದು ಸಲೀಸಾಯಿತು.

ಇಪ್ಪತ್ತು ವರ್ಷದಲ್ಲೇ ಅದರ ಫಲ ಕಂಡಿತು. 1990ರ ದಶಕದ ಮೊದಲಲ್ಲಿ ನ್ಯಾಯಮೂರ್ತಿ ಎ.ಎಂ. ಅಹ್ಮದಿ ಸಮಿತಿ ತರಬೇತಿಯೂ ಬೇಕು, ಪರೀಕ್ಷೆಯೂ ಬೇಕು ಅಂದಿತು. ಭಾರತೀಯ ವಕೀಲರ ಪರಿಷತ್ತು 1995ರಲ್ಲಿ ಒಂದು ವರ್ಷದ ತರಬೇತಿ ನಿಯಮ ಮಾಡಿತು. ಅದನ್ನು ಪ್ರಶ್ನಿಸಿ ಪದವೀಧರರು ಸುಪ್ರೀಂ ಕೋರ್ಟಿಗೆ ಹೋದರು. 1999ರ ಮಾರ್ಚ್‌ನಲ್ಲಿ ವಿ. ಸುಧೀರ್ ಪ್ರಕರಣದ ತೀರ್ಪು ಬಂತು: ಸಂಸತ್ತು ತೆಗೆದುಹಾಕಿದ ಷರತ್ತನ್ನು ಪರಿಷತ್ತು ನಿಯಮದ ಹೆಸರಲ್ಲಿ ವಾಪಸ್ ತರುವ ಹಾಗಿಲ್ಲ. ತರಬೇತಿ ಬೇಡ ಅಂತ ಕೋರ್ಟು ಹೇಳಲಿಲ್ಲ. ಅಧಿಕಾರ ಇಲ್ಲ ಅಂದಿತು ಅಷ್ಟೆ. 2002ರಲ್ಲಿ ಕಾನೂನು ಆಯೋಗದ 184ನೇ ವರದಿ ಕಾಯ್ದೆಯನ್ನೇ ತಿದ್ದಿ ಅಂದಿತು. ಅದು ಆಗಲಿಲ್ಲ.

ಪರಿಷತ್ತು ಬೇರೆ ದಾರಿ ಹಿಡಿಯಿತು. 2010ರಲ್ಲಿ ಅಖಿಲ ಭಾರತ ವಕೀಲರ ಪರೀಕ್ಷೆ ಘೋಷಿಸಿ, 2011ರ ಮಾರ್ಚ್ 6ರಂದು ಮೊದಲ ಪರೀಕ್ಷೆ ನಡೆಸಿತು. ಸನ್ನದು ಮೊದಲು, ಪರೀಕ್ಷೆ ಆಮೇಲೆ. ಈ ಹಿಂದುಮುಂದಿನ ವ್ಯವಸ್ಥೆ ಸರಿಯೇ ಅನ್ನುವ ಪ್ರಶ್ನೆ ಸಂವಿಧಾನ ಪೀಠದವರೆಗೆ ಹೋಯಿತು. 2023ರ ಫೆಬ್ರವರಿ 10ರಂದು ಐವರು ನ್ಯಾಯಮೂರ್ತಿಗಳು ಪರಿಷತ್ತಿಗೆ ಅಧಿಕಾರ ಇದೆ, ಸುಧೀರ್ ತೀರ್ಪು ಸರಿಯಾದ ಕಾನೂನು ಹೇಳಿರಲಿಲ್ಲ ಅಂದರು. ಅಂದರೆ 24 ವರ್ಷ ಒಂದು ತಪ್ಪು ಓದಿನ ಮೇಲೆ ನಿಂತಿದ್ದೆವು.

ಪರೀಕ್ಷೆ ಇರುವುದು ಒಳ್ಳೆಯದೇ. ಆದರೆ ಅದರಲ್ಲಿ ಇರುವುದು ನೂರು ಬಹು ಆಯ್ಕೆ ಪ್ರಶ್ನೆಗಳು, ಟಿಪ್ಪಣಿ ಇಲ್ಲದ ಕಾಯ್ದೆ ಪುಸ್ತಕ ಪಕ್ಕದಲ್ಲೇ ಇರಬಹುದು. ವಾದಪತ್ರ ಬರೆಯಲು ಬರುತ್ತದೆಯೇ, ಸಾಕ್ಷಿಯನ್ನು ಪ್ರಶ್ನಿಸಲು ಬರುತ್ತದೆಯೇ, ಕಕ್ಷಿದಾರರ ಮಾತು ಕೇಳಿಸಿಕೊಳ್ಳಲು ಬರುತ್ತದೆಯೇ ಅನ್ನುವುದು ನಾಲ್ಕು ಆಯ್ಕೆಗಳಲ್ಲಿ ಸಿಗುವುದಿಲ್ಲ. ಮತ್ತೆ, ಒಮ್ಮೆ ಪಾಸಾದರೆ ಮುಗಿಯಿತು.

ಕಾನೂನು ಹಾಗೆ ಒಮ್ಮೆಗೇ ಮುಗಿಯುವುದಿಲ್ಲ ಅನ್ನುವುದಕ್ಕೆ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿಗಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. 1999ರಲ್ಲಿ ಸನ್ನದು ಪಡೆದ ಒಬ್ಬ ವಕೀಲರನ್ನು ಊಹಿಸಿಕೊಳ್ಳಿ. ಅವರು ಕಾಲೇಜಿನಲ್ಲಿದ್ದಾಗ ಸಾಕ್ಷ್ಯ ಕಾಯ್ದೆಯಲ್ಲಿ ಆ ಕಲಮೇ ಇರಲಿಲ್ಲ. 2000ದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಜೊತೆ ಬಂತು. ಕಂಪ್ಯೂಟರಿನಿಂದ ತೆಗೆದ ದಾಖಲೆಗೆ ಒಂದು ಪ್ರಮಾಣಪತ್ರ ಬೇಕು ಅಂದಿತು. 2005ರಲ್ಲಿ ಸಂಸತ್ ದಾಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರಮಾಣಪತ್ರ ಇಲ್ಲದಿದ್ದರೂ ಬೇರೆ ರೀತಿಯಲ್ಲಿ ರುಜುವಾತು ಮಾಡಬಹುದು ಅಂದಿತು. 2014ರಲ್ಲಿ ಇಲ್ಲ, ಬೇಕೇ ಬೇಕು ಅಂದಿತು. 2018ರಲ್ಲಿ ಸ್ವಲ್ಪ ಸಡಿಲ ಬಿಟ್ಟಿತು. 2020ರ ಜುಲೈಯಲ್ಲಿ ಮತ್ತೆ ಬೇಕೇ ಬೇಕು ಅಂದಿತು. 2024ರಲ್ಲಿ ಕಲಮೇ ಬದಲಾಗಿ, ಭಾರತೀಯ ಸಾಕ್ಷ್ಯ ಅಧಿನಿಯಮದ 63 ಆಯಿತು. ಈಗ ಪ್ರಮಾಣಪತ್ರಕ್ಕೆ ಎರಡು ಭಾಗ. ಒಂದಕ್ಕೆ ದಾಖಲೆ ಹಾಜರುಪಡಿಸುವವರ ಸಹಿ, ಇನ್ನೊಂದಕ್ಕೆ ತಜ್ಞರದು. ಫೈಲಿನ ಹ್ಯಾಶ್ ವ್ಯಾಲ್ಯೂ, ಅಂದರೆ ಫೈಲು ಬದಲಾದರೆ ಗೊತ್ತಾಗುವಂಥ ಗುರುತಿನ ಸಂಕೇತ, ಕೂಡ ನಮೂದಿಸಬೇಕು.

ಇದನ್ನು ಗಮನಿಸದ ವಕೀಲರು ಸಿಸಿಟಿವಿ ದೃಶ್ಯವನ್ನು ಪೆನ್ ಡ್ರೈವ್‌ಗೆ ಹಾಕಿಕೊಂಡು ಸುಮ್ನೆ ಕೋರ್ಟಿಗೆ ಕೊಟ್ಟರೆ ಏನಾಗುತ್ತದೆ? ಎದುರು ವಕೀಲರು ಎದ್ದು ಪ್ರಮಾಣಪತ್ರ ಎಲ್ಲಿ ಅಂತ ಕೇಳುತ್ತಾರೆ. ಅಷ್ಟೊತ್ತಿಗೆ ಮೂಲ ಯಂತ್ರದಲ್ಲಿ ದೃಶ್ಯ ಅಳಿಸಿಹೋಗಿದ್ದರೆ ಪ್ರಮಾಣಪತ್ರ ಹುಟ್ಟಿಸುವುದೇ ಕಷ್ಟ. ನಷ್ಟ ಆಗುವುದು ಕಕ್ಷಿದಾರರಿಗೆ. ಅವರು ಗ್ರಾಹಕ ಆಯೋಗಕ್ಕೆ ಹೋಗುವ ಹಾಗೂ ಇಲ್ಲ. ವಕೀಲರ ಸೇವೆ ಗ್ರಾಹಕ ಕಾಯ್ದೆಯಡಿ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಮೇ 14ರಂದು ಹೇಳಿದೆ. ವೈದ್ಯರು 1995ರಿಂದಲೇ ಆ ಕಾಯ್ದೆಯ ಒಳಗಿದ್ದಾರೆ. ಹೊರಗಿನ ಒತ್ತಡ ಇಲ್ಲ ಅಂದ ಮೇಲೆ ಒಳಗಿನ ಶಿಸ್ತು ಜಾಸ್ತಿ ಬೇಕು, ಅಲ್ವಾ?

ಹಾಗಾದರೆ ಗಂಟೆಗಳ ಲೆಕ್ಕ ಕಡ್ಡಾಯ ಮಾಡಿಬಿಟ್ಟರೆ ಆಯಿತೇ? ಇದನ್ನು ಮೊದಲೇ ಮಾಡಿ ನೋಡಿದವರಿದ್ದಾರೆ. ಅಮೆರಿಕದಲ್ಲಿ 1933ರಲ್ಲೇ ನ್ಯೂಯಾರ್ಕಿನ ಪ್ರ್ಯಾಕ್ಟೀಸಿಂಗ್ ಲಾ ಇನ್‌ಸ್ಟಿಟ್ಯೂಟ್ ವೃತ್ತಿಯಲ್ಲಿದ್ದ ವಕೀಲರಿಗೆ ಪಾಠ ಶುರುಮಾಡಿತು. ಎರಡನೇ ಮಹಾಯುದ್ಧ ಮುಗಿಸಿ ವಾಪಸಾದ ವಕೀಲರಿಗೆ ತೆರಿಗೆಯಿಂದ ಹಿಡಿದು ಎಲ್ಲವೂ ಹೊಸದಾಗಿ ಕಂಡಾಗ ಬೇಡಿಕೆ ಏರಿತು. 1947ರಲ್ಲಿ ಅಲ್ಲಿನ ವಕೀಲರ ಸಂಘ ದೇಶವ್ಯಾಪಿ ಕಾರ್ಯಕ್ರಮ ಕೈಗೆತ್ತಿಕೊಂಡಿತು. ಅಲ್ಲಿಯವರೆಗೂ ಇದು ಇಷ್ಟವಿದ್ದವರ ಪಾಡು.

1973ರಲ್ಲಿ ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ಒಂದು ಉಪನ್ಯಾಸದಲ್ಲಿ ಬಾಂಬ್ ಹಾಕಿದರು. ಗಂಭೀರ ಪ್ರಕರಣಗಳಲ್ಲಿ ಹಾಜರಾಗುವ ವಕೀಲರಲ್ಲಿ ಮೂರರಲ್ಲಿ ಒಂದು ಭಾಗದಿಂದ ಅರ್ಧದಷ್ಟು ಜನಕ್ಕೆ ಅದಕ್ಕೆ ಬೇಕಾದ ಸಿದ್ಧತೆಯೇ ಇಲ್ಲ ಅಂದರು. ಅದು ಅವರ ಅಂದಾಜು, ಯಾರೂ ಎಣಿಸಿರಲಿಲ್ಲ. ವಕೀಲರು ಸಿಟ್ಟಾದರು. ಅಧ್ಯಕ್ಷ ನಿಕ್ಸನ್ ಕಾಲದ ವಾಟರ್‌ಗೇಟ್ ಹಗರಣದಲ್ಲಿ ವಕೀಲರೇ ಸಾಲಾಗಿ ಸಿಕ್ಕಿಬಿದ್ದಿದ್ದ ಕಾಲ ಬೇರೆ. 1975ರಲ್ಲಿ ಮಿನ್ನೆಸೋಟ ಮತ್ತು ಅಯೋವಾ ರಾಜ್ಯಗಳು ಮುಂದುವರಿದ ಶಿಕ್ಷಣವನ್ನು ಕಡ್ಡಾಯ ಮಾಡಿದವು. ಮಿನ್ನೆಸೋಟದಲ್ಲಿ ಮೂರು ವರ್ಷಕ್ಕೆ 45 ಗಂಟೆ. ಇವತ್ತು ಅಲ್ಲಿನ ಬಹುಪಾಲು ರಾಜ್ಯಗಳಲ್ಲಿ ಇಂಥ ನಿಯಮ ಇದೆ. ಫಿಲಿಪ್ಪೀನ್ಸ್ 2000ದಲ್ಲಿ ಮೂರು ವರ್ಷಕ್ಕೆ 36 ಗಂಟೆ ಅಂದಿತು.

ಆದರೆ ಗಂಟೆ ಎಣಿಸಲು ಶುರುಮಾಡಿದ ಕೂಡಲೇ ಗಂಟೆ ತುಂಬಿಸುವ ಕಲೆಯೂ ಬೆಳೆಯಿತು. ಗಡುವು ಹತ್ತಿರ ಬಂದಾಗ ಯಾವುದೋ ಒಂದು ಉಪನ್ಯಾಸ, ಹಿಂದಿನ ಸಾಲಿನಲ್ಲಿ ಕೂತು ಬೇರೆ ಕೇಸಿನ ಕಡತ ತಿರುವುವುದು, ಕೊನೆಗೆ ಸಹಿ. ಇಂಗ್ಲೆಂಡ್ ಇದನ್ನು ಒಪ್ಪಿಕೊಂಡು ಹಿಂದಕ್ಕೆ ಸರಿಯಿತು. ಅಲ್ಲಿ ಸಾಲಿಸಿಟರ್‌ಗಳಿಗೆ ವರ್ಷಕ್ಕೆ 16 ಗಂಟೆ ಇತ್ತು. 2016ರ ನವೆಂಬರ್ 1ರಿಂದ ಅದನ್ನು ಕೈಬಿಟ್ಟರು. ಈಗ ಪ್ರತಿಯೊಬ್ಬರೂ ತನ್ನ ಕೆಲಸದಲ್ಲಿ ಎಲ್ಲಿ ಕೊರತೆ ಇದೆ ಅಂತ ತಾವೇ ನೋಡಿಕೊಂಡು, ಅದನ್ನು ತುಂಬಿಕೊಂಡು, ವರ್ಷಕ್ಕೊಮ್ಮೆ ಘೋಷಣೆ ಮಾಡಬೇಕು. ಪ್ರಾಮಾಣಿಕರಿಗೆ ಇದು ಚೆಂದದ ವ್ಯವಸ್ಥೆ. ಉಳಿದವರ ವಿಷಯದಲ್ಲಿ ನನಗೆ ಅಷ್ಟು ಭರವಸೆ ಇಲ್ಲ.

ನಿಜವಾಗಿ ಕೆಲಸ ಮಾಡಿದ್ದು ಬೇರೆ ತರಹದ ಕಲಿಕೆ. 1971ರಲ್ಲಿ ಅಮೆರಿಕದಲ್ಲಿ ಶುರುವಾದ ರಾಷ್ಟ್ರೀಯ ವಿಚಾರಣಾ ವಕಾಲತ್ತು ಸಂಸ್ಥೆ ಉಪನ್ಯಾಸ ಕಡಿಮೆ ಮಾಡಿ, ವಕೀಲರನ್ನೇ ಎಬ್ಬಿಸಿ ನಿಲ್ಲಿಸಿತು. ಒಂದು ಕಾಲ್ಪನಿಕ ಕೇಸಿನ ಕಡತ, ಸಾಕ್ಷಿಯಾಗಿ ಇನ್ನೊಬ್ಬರು. ಪಾಟಿ ಸವಾಲು ಮಾಡಿ. ಮುಗಿದ ತಕ್ಷಣ ಅನುಭವಿಗಳು ಹೇಳುತ್ತಾರೆ: ಆ ಮೂರನೇ ಪ್ರಶ್ನೆ ಬೇಡವಾಗಿತ್ತು, 'ಯಾಕೆ' ಅಂತ ಕೇಳಿ ಸಾಕ್ಷಿಗೆ ವಿವರಿಸುವ ಅವಕಾಶ ಕೊಟ್ಟಿರಿ. ವೀಡಿಯೊದಲ್ಲಿ ನಮ್ಮನ್ನೇ ನೋಡಿಕೊಳ್ಳುವ ಮುಜುಗರ ಬೇರೆ.

ನಮ್ಮಲ್ಲೂ ಇದರ ಒಂದು ಮಾದರಿ ಇದೆ, ಅದು ಹೆಚ್ಚು ಜನರ ಕಣ್ಣಿಗೆ ಬಿದ್ದಿಲ್ಲ. ಸುಪ್ರೀಂ ಕೋರ್ಟ್ 2005ರಲ್ಲಿ ಮಧ್ಯಸ್ಥಿಕೆಗಾಗಿ ಒಂದು ಸಮಿತಿ ಮಾಡಿತು. 2007ರ ಜನವರಿಯಲ್ಲಿ ಹೈಕೋರ್ಟ್ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ತೆರೆಯಿತು. ಮಧ್ಯಸ್ಥಗಾರರಾಗಬೇಕಾದ ವಕೀಲರಿಗೆ 40 ಗಂಟೆಯ ತರಬೇತಿ. ಅದರಲ್ಲಿ ಪಾತ್ರ ಹಾಕಿ ಅಭ್ಯಾಸ ಮಾಡುವುದೇ ಮುಖ್ಯ. ಗಂಡ ಹೆಂಡತಿ ಜಗಳ, ಅಣ್ಣತಮ್ಮಂದಿರ ಜಮೀನು ವ್ಯಾಜ್ಯ, ಎದುರಿಗೆ ಕೂತು ಕೇಳಿಸಿಕೊಳ್ಳಬೇಕು. ವರ್ಷಗಟ್ಟಲೆ ವಾದ ಮಾಡಿ ಅಭ್ಯಾಸವಾದವರಿಗೆ ಸುಮ್ಮನೆ ಕೇಳಿಸಿಕೊಳ್ಳುವುದೇ ದೊಡ್ಡ ಪರೀಕ್ಷೆ. ವೃತ್ತಿಯಲ್ಲಿ ಪಳಗಿದವರೂ ಜೂನಿಯರ್‌ಗಳ ಜೊತೆ ಕೂತು ಇದನ್ನು ಕಲಿತಿದ್ದಾರೆ. ಹಾಗಾಗಿ ಹಿರಿಯ ವಕೀಲರು ತರಗತಿಗೆ ಬರುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಉಪಯೋಗಕ್ಕೆ ಬರುವಂಥದ್ದಾದರೆ ಬರುತ್ತಾರೆ.

ಇಂಥದ್ದನ್ನು ವ್ಯಾಪಕವಾಗಿ ಮಾಡಬೇಕಾದರೆ ತೊಂದರೆಗಳು ನಿಜವಾದವೇ. ತಾಲ್ಲೂಕು ಕೋರ್ಟಿನ ವಕೀಲರು ಒಂದು ದಿನ ಬಿಟ್ಟರೆ ಆ ದಿನದ ಸಂಪಾದನೆ ಹೋಯಿತು. ಮೊದಲ ಕೆಲವು ವರ್ಷ ಜೂನಿಯರ್‌ಗಳ ಕೈಯಲ್ಲಿ ಶುಲ್ಕ ಕಟ್ಟಲು ದುಡ್ಡೇ ಇರುವುದಿಲ್ಲ. ಒಳ್ಳೆಯ ತರಬೇತಿ ಸಾಮಗ್ರಿ ಬಹುಪಾಲು ಇಂಗ್ಲಿಷಿನಲ್ಲಿದೆ. ಸಾಕ್ಷಿ ಹೇಳುವುದು, ಪಾಟಿ ಸವಾಲು ನಡೆಯುವುದು ಕನ್ನಡದಲ್ಲಿ. ನಗರದ ಹೋಟೆಲಿನಲ್ಲಿ ನಡೆಯುವ ವಿಚಾರಸಂಕಿರಣ ಇದಕ್ಕೆ ಉತ್ತರ ಅಲ್ಲ.

ಆದರೆ ಶುರುಮಾಡಲು ಹೊಸ ಕಾಯ್ದೆಯೇ ಬೇಕು ಅಂತಿಲ್ಲ. 2015ರ ಪ್ರಮಾಣಪತ್ರ ಪರಿಶೀಲನೆ ನಿಯಮಗಳ ಪ್ರಕಾರ ವಕೀಲರು ಐದು ವರ್ಷಕ್ಕೊಮ್ಮೆ ತಾವಿನ್ನೂ ಪ್ರ್ಯಾಕ್ಟೀಸ್ ಮಾಡುತ್ತಿದ್ದೇವೆ ಅಂತ ತೋರಿಸಬೇಕು. ಅದಕ್ಕೆ ವಕಾಲತ್ತಿನಂಥ ದಾಖಲೆ ಕೊಡಬೇಕು. ಅರ್ಜಿ ಇದೆ, ಅದನ್ನು ನೋಡುವ ಕಚೇರಿ ಇದೆ, ಅವಧಿಯೂ ಗೊತ್ತಾಗಿದೆ. ಈ ಐದು ವರ್ಷದಲ್ಲಿ ಏನು ಕಲಿತಿರಿ ಅನ್ನುವ ಒಂದು ಕಾಲಂ ಮಾತ್ರ ಆ ಅರ್ಜಿಯಲ್ಲಿಲ್ಲ.