ಎದೆ ತೆಗೆಸುವ ಮೊದಲೇ ಕೇಳಬೇಕಾದ ಪ್ರಶ್ನೆ

ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಎಷ್ಟೋ ವರ್ಷ ಕಳೆದ ಮೇಲೆ ನಮ್ಮ ಒಪಿಡಿಗೆ ಬರುವ ಹೆಂಗಸರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: "ತೆಗೆದ ಎದೆಯನ್ನ ಮತ್ತೆ ಕಟ್ಟಿಕೊಡ್ತಾರೆ ಅಂತ ಆಗ ಯಾರೂ ಹೇಳ್ಲಿಲ್ಲ ಡಾಕ್ಟ್ರೇ." ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಅದೇ ವಿಷಯ ಆಪರೇಷನ್‌ಗೆ ಒಂದು ವಾರ ಮೊದಲು ತಿಳಿದಿದ್ದರೆ ಅವರಲ್ಲಿ ಎಷ್ಟೋ ಜನರಿಗೆ ದಾರಿ ಸುಲಭವಾಗುತ್ತಿತ್ತು.

ಸ್ತನ ಕ್ಯಾನ್ಸರ್ ಈಗ ನಮ್ಮ ದೇಶದ ಹೆಂಗಸರಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ಕ್ಯಾನ್ಸರ್. ಪಶ್ಚಿಮದ ದೇಶಗಳಿಗಿಂತ ಇಲ್ಲಿ ಸಣ್ಣ ವಯಸ್ಸಿನವರಲ್ಲಿ ಹೆಚ್ಚು ಕಾಣುತ್ತದೆ. ಗಂಟು ದೊಡ್ಡದಾದ ಮೇಲೆ ಆಸ್ಪತ್ರೆಗೆ ಬರುವವರೂ ಜಾಸ್ತಿ. ಹಾಗಾಗಿ ಪೂರ್ತಿ ಸ್ತನ ತೆಗೆಯುವ ಮಾಸ್ಟೆಕ್ಟಮಿಯೂ ಜಾಸ್ತಿ. ಕ್ಯಾನ್ಸರ್ ತೆಗೆಯುವುದು ಕ್ಯಾನ್ಸರ್ ಸರ್ಜನ್ ಕೆಲಸ. ಆ ಜಾಗವನ್ನು ಮತ್ತೆ ಕಟ್ಟುವುದು ನನ್ನಂಥ ಪ್ಲಾಸ್ಟಿಕ್ ಸರ್ಜನ್ ಕೆಲಸ. ಆಪರೇಷನ್ ದಿನ ಗೊತ್ತಾಗುವ ಮೊದಲೇ ಇಬ್ಬರೂ ಕೂತು ಮಾತಾಡಬೇಕು, ರೋಗಿಯೂ ಜೊತೆಗಿರಬೇಕು.

ಮೊದಲೇ ಯಾಕೆ? ಸ್ತನದ ಒಳಗಿನ ಗ್ರಂಥಿಯನ್ನೆಲ್ಲ ತೆಗೆದರೂ ಮೇಲಿನ ಚರ್ಮವನ್ನು ಎಷ್ಟೋ ಸಲ ಉಳಿಸಬಹುದು. ಗಂಟು ತೊಟ್ಟಿನಿಂದ ದೂರದಲ್ಲಿದ್ದರೆ ಕೆಲವರಿಗೆ ತೊಟ್ಟನ್ನೂ ಉಳಿಸಬಹುದು. ಸ್ತನದ ಕೆಳಗೆ ಒಂದು ಮಡಿಕೆ ಇರುತ್ತದೆಯಲ್ಲ, ಆಕಾರ ಕೊಡುವುದು ಅದೇ. ಅದೇ ದಿನ ಮತ್ತೆ ಕಟ್ಟುವುದಾದರೆ ಕ್ಯಾನ್ಸರ್ ಸರ್ಜನ್ ಇವನ್ನೆಲ್ಲ ಕಾಪಾಡಿಕೊಂಡು ಕೆಲಸ ಮಾಡುತ್ತಾರೆ. ಕಟ್ಟುವ ಯೋಚನೆಯೇ ಇಲ್ಲದಿದ್ದರೆ ಜಾಸ್ತಿ ಚರ್ಮ ತೆಗೆದು, ಎದೆಯನ್ನು ಸಪಾಟಾಗಿ ಎಳೆದು ಹೊಲಿಗೆ ಹಾಕುತ್ತಾರೆ. ಅದು ತಪ್ಪಲ್ಲ. ಆದರೆ ಆಮೇಲೆ ಕಟ್ಟಬೇಕೆಂದರೆ ಚರ್ಮವನ್ನೂ ಬೇರೆ ಕಡೆಯಿಂದ ತರಬೇಕು. ಇನ್ನೊಂದು ಮಾತು: ಕೆಲವರಿಗೆ ಪೂರ್ತಿ ತೆಗೆಯುವ ಅಗತ್ಯವೇ ಇರುವುದಿಲ್ಲ. ಗಂಟು ಮತ್ತು ಸುತ್ತಲ ಭಾಗ ತೆಗೆದು, ಉಳಿದ ಸ್ತನವನ್ನೇ ಹೊಂದಿಸಿ ಆಕಾರ ಕೊಡಬಹುದು. ಇದಕ್ಕೆ ಆಂಕೋಪ್ಲಾಸ್ಟಿ ಅನ್ನುತ್ತಾರೆ. ಇದೂ ಮೊದಲೇ ಕೇಳಬೇಕಾದ ಪ್ರಶ್ನೆ.

"ಜೀವ ಉಳಿದ್ರೆ ಸಾಕು, ಅಂದ ಯಾಕೆ" ಅಂತ ಮನೆಯವರು ಹೇಳುವುದನ್ನು ದಿನಾ ಕೇಳುತ್ತೇನೆ. ಆದರೆ ನಮ್ಮ ಹತ್ತಿರ ಬರುವ ಹೆಂಗಸರು ಅಂದದ ಮಾತು ಆಡುವುದು ಕಡಿಮೆ. ರಂಗೋಲಿ ಹಾಕಲು ಬಗ್ಗಿದರೆ ಬ್ಲೌಸಿನೊಳಗೆ ತುರುಕಿಕೊಂಡ ಬಟ್ಟೆ ಜಾರುತ್ತದೆ ಅನ್ನುತ್ತಾರೆ. ಅಳತೆ ಕೊಡುವ ಸಂಕೋಚಕ್ಕೆ ಟೈಲರ್ ಹತ್ತಿರ ಹೋಗುವುದನ್ನೇ ಬಿಟ್ಟಿರುತ್ತಾರೆ. ಮದುವೆ ಮನೆಯಲ್ಲಿ ಎಲ್ಲರ ಜೊತೆ ಒಂದೇ ರೂಮಿನಲ್ಲಿ ಸೀರೆ ಬದಲಿಸಬೇಕಲ್ಲ ಅಂತ ಮದುವೆಗೇ ಹೋಗುವುದಿಲ್ಲ. ದೊಡ್ಡ ಎದೆಯವರಿಗೆ ಒಂದೇ ಕಡೆ ಭಾರ ಬಿದ್ದು ಕತ್ತು, ಹೆಗಲು ನೋವು. ಬದುಕು ಹೀಗೆ ಒಂದೊಂದೇ ಕಡೆ ಕಿರಿದಾಗುತ್ತಾ ಹೋಗುತ್ತದೆ. ಇದನ್ನು ಅಂದದ ಆಸೆ ಅಂತ ತಳ್ಳಿಹಾಕುವುದು ಅನ್ಯಾಯ.

ಇನ್ನು ಭಯದ ವಿಷಯ. "ಮತ್ತೆ ಕಟ್ಟಿದ್ರೆ ಕ್ಯಾನ್ಸರ್ ವಾಪಸ್ ಬಂದಾಗ ಗೊತ್ತಾಗಲ್ಲ ಅಲ್ವಾ?" ಈ ಭಯ ಇಂದಿನದಲ್ಲ. ಅಮೆರಿಕದ ವಿಲಿಯಂ ಹಾಲ್ಸ್ಟೆಡ್ 19ನೇ ಶತಮಾನದ ಕೊನೆಯಲ್ಲಿ ಸ್ತನದ ಜೊತೆ ಎದೆಯ ಸ್ನಾಯುಗಳನ್ನೂ ತೆಗೆಯುವ ದೊಡ್ಡ ಆಪರೇಷನ್ ರೂಢಿಗೆ ತಂದರು. ಆ ಜಾಗದಲ್ಲಿ ಪ್ಲಾಸ್ಟಿಕ್ ಸರ್ಜರಿ ಮಾಡುವುದಕ್ಕೆ ಅವರು ಪೂರ್ತಿ ವಿರುದ್ಧವಾಗಿದ್ದರು. ಇಟಲಿಯ ತಾನ್ಸೀನಿ 1906ರಲ್ಲೇ ಬೆನ್ನಿನ ಚರ್ಮ, ಸ್ನಾಯು ತಂದು ಎದೆ ಮುಚ್ಚುವ ವಿಧಾನವನ್ನು ವಿವರಿಸಿದ್ದರು. ಆದರೂ ಅದು ಹಲವು ದಶಕ ಮೂಲೆಗೆ ಬಿತ್ತು. ಇಂದು ನಮಗೆ ಚೆನ್ನಾಗಿ ತಿಳಿದಿದೆ: ಸ್ತನ ಮರುರಚನೆಯಿಂದ ಕ್ಯಾನ್ಸರ್ ಮರಳುವ ಸಾಧ್ಯತೆ ಹೆಚ್ಚುವುದಿಲ್ಲ. ಆ ಜಾಗದಲ್ಲೇ ಮರಳಿದರೆ ಹೆಚ್ಚಾಗಿ ಚರ್ಮದಲ್ಲಿ ಅಥವಾ ಚರ್ಮದ ಕೆಳಗೇ ಕಾಣುತ್ತದೆ, ಕೈಯಿಂದ ಪರೀಕ್ಷಿಸಿದರೆ ಸಿಗುತ್ತದೆ. ಒಂದು ಎಚ್ಚರಿಕೆ ಮಾತ್ರ ನಿಜ. ಗಾಯಕ್ಕೆ ಸೋಂಕು ಆದರೆ, ಮಾಯಲು ತಡವಾದರೆ, ಮುಂದಿನ ಕೀಮೋ ತಡವಾಗಬಹುದು. ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದವರಿಗೆ, ತುಂಬಾ ನಿಶ್ಶಕ್ತಿ ಇರುವವರಿಗೆ ಅದೇ ದಿನ ಬೇಡ, ಆಮೇಲೆ ಮಾಡೋಣ ಅಂತ ನಾವೇ ಹೇಳುವುದು ಅದಕ್ಕೇ.

ವಿಧಾನ ಮುಖ್ಯವಾಗಿ ಎರಡು. ಒಂದು ಇಂಪ್ಲಾಂಟ್, ಅಂದರೆ ಒಳಗೆ ಇಡುವ ಸಿಲಿಕೋನ್ ಚೀಲ; ಇನ್ನೊಂದು ನಿಮ್ಮದೇ ಮೈಯ ಚರ್ಮ, ಕೊಬ್ಬು, ಸ್ನಾಯು.

ಸಿಲಿಕೋನ್ ಇಂಪ್ಲಾಂಟ್ ಮೊದಲು ಹಾಕಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ. ಆಪರೇಷನ್ ಚಿಕ್ಕದು, ಬೇಗ ಮನೆಗೆ ಹೋಗಬಹುದು. ಚರ್ಮ ಬಿಗಿಯಾಗಿದ್ದರೆ ಮೊದಲು ಎಕ್ಸ್‌ಪ್ಯಾಂಡರ್ ಎಂಬ ಚೀಲ ಇಟ್ಟು, ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಸಲೈನ್ ತುಂಬಿಸುತ್ತಾ ಚರ್ಮ ಹಿಗ್ಗಿಸಿ, ಆಮೇಲೆ ಇಂಪ್ಲಾಂಟ್ ಹಾಕುತ್ತೇವೆ. ಆದರೆ ಇಂಪ್ಲಾಂಟ್ ಜೀವನಪೂರ್ತಿ ಇರುವ ವಸ್ತು ಅಲ್ಲ. ಮುಂದೆಂದೋ ಬದಲಿಸಬೇಕಾಗಬಹುದು. ಒಂದು ಬಗೆಯ ಒರಟು ಮೇಲ್ಮೈಯ ಇಂಪ್ಲಾಂಟ್‌ಗಳಿಗೂ ಲಿಂಫೋಮಾ ಎಂಬ ಬಗೆಯ ಒಂದು ಅಪರೂಪದ ಕ್ಯಾನ್ಸರ್‌ಗೂ ನಂಟು ಕಂಡುಬಂದು, 2019ರಲ್ಲಿ ಅವನ್ನು ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಆದ್ದರಿಂದ ಇಂಪ್ಲಾಂಟ್ ಹಾಕಿಸಿಕೊಂಡವರು ಕಂಪನಿ ಹೆಸರು, ನಂಬರ್ ಇರುವ ಕಾರ್ಡನ್ನು ಆಧಾರ್ ಕಾರ್ಡ್ ಇಡುವ ಜಾಗದಲ್ಲೇ ಇಟ್ಟುಕೊಳ್ಳಿ. ಎಷ್ಟೋ ಜನರ ಹತ್ತಿರ ಅದು ಇರುವುದೇ ಇಲ್ಲ.

ರೇಡಿಯೇಷನ್ ಬೇಕಾದವರಿಗೆ ಇಂಪ್ಲಾಂಟ್ ಅಷ್ಟು ಒಳ್ಳೆಯ ಆಯ್ಕೆ ಅಲ್ಲ. ನಮ್ಮ ಕಡೆ ಜನ "ಕರೆಂಟ್ ಇಡೋದು" ಅನ್ನುತ್ತಾರಲ್ಲ, ಅದೇ. ಅದರಿಂದ ಇಂಪ್ಲಾಂಟ್ ಸುತ್ತಲಿನ ಪದರ ಗಟ್ಟಿಯಾಗಿ ಬಿಗಿದುಕೊಳ್ಳುವುದು ಜಾಸ್ತಿ. ಆಕಾರ ಕೆಡುತ್ತದೆ, ನೋವೂ ಬರಬಹುದು. ಇಲ್ಲಿ ರೇಡಿಯೇಷನ್ ಬೇಕಾಗುವವರು ಹೆಚ್ಚು. ಹಾಗಾಗಿ ಅವರದೇ ಮೈಯಿಂದ ಕಟ್ಟುವ ವಿಧಾನದ ಮೇಲೆ ನನಗೆ ಹೆಚ್ಚು ಒಲವು.

ಬೆನ್ನಿನ ಸ್ನಾಯುವನ್ನು ಕಂಕುಳ ಕೆಳಗಿನಿಂದ ತಿರುಗಿಸಿ ಮುಂದೆ ತರುವುದು ಹಳೆಯ, ನಂಬಿಕಸ್ಥ ದಾರಿ. ಹೊಟ್ಟೆಯಿಂದ ತರುವುದು ಇನ್ನೊಂದು. 1982ರಲ್ಲಿ ಅಮೆರಿಕದ ಹಾರ್ಟ್ರಾಂಪ್ ಹೊಟ್ಟೆಯ ಚರ್ಮ, ಕೊಬ್ಬನ್ನು ಸ್ನಾಯುವಿನ ಸಮೇತ ಮೇಲೆ ತರುವ ವಿಧಾನವನ್ನು ಪ್ರಕಟಿಸಿದರು. ಸ್ನಾಯು ಹೋದರೆ ಹೊಟ್ಟೆ ದುರ್ಬಲವಾಗುತ್ತದೆ. ಜಪಾನಿನ ಕೋಶಿಮಾ 1989ರಲ್ಲಿ ಸ್ನಾಯುವನ್ನು ಅಲ್ಲೇ ಬಿಟ್ಟು, ಅದರೊಳಗೆ ಹಾದುಬರುವ ರಕ್ತನಾಳವನ್ನು ಮಾತ್ರ ಬಿಡಿಸಿಕೊಳ್ಳುವ ದಾರಿ ತೋರಿಸಿದರು. 1994ರಲ್ಲಿ ಅಮೆರಿಕದ ರಾಬರ್ಟ್ ಆ್ಯಲನ್ ಅದನ್ನು ಸ್ತನಕ್ಕೆ ಬಳಸಿದ್ದನ್ನು ಪ್ರಕಟಿಸಿದರು. ಅದೇ ಇಂದಿನ ಡೀಪ್ ಫ್ಲಾಪ್. ಫ್ಲಾಪ್ ಅಂದರೆ ರಕ್ತನಾಳದ ಸಮೇತ ತರುವ ಚರ್ಮ, ಕೊಬ್ಬಿನ ತುಂಡು.

ಇದರ ಕೆಲಸ ನಿಧಾನದ್ದು. ಹೊಕ್ಕುಳ ಕೆಳಗಿನ ಚರ್ಮ ಮತ್ತು ಕೊಬ್ಬನ್ನು ರಕ್ತನಾಳದ ಸಮೇತ ಪೂರ್ತಿ ಬೇರ್ಪಡಿಸುತ್ತೇವೆ. ಎದೆಮೂಳೆಯ ಪಕ್ಕದಲ್ಲಿ ಪಕ್ಕೆಲುಬಿನ ಮೃದ್ವಸ್ಥಿಯ ಸಣ್ಣ ತುಂಡು ತೆಗೆದರೆ ಕೆಳಗೆ ರಕ್ತ ತರುವ ಒಂದು ಅಪಧಮನಿ, ರಕ್ತ ವಾಪಸ್ ಒಯ್ಯುವ ಒಂದು ಅಭಿಧಮನಿ ಸಿಗುತ್ತವೆ. ದಪ್ಪ ಎರಡು ಮೂರು ಮಿಲಿಮೀಟರ್, ಶಾವಿಗೆ ಎಳೆಯಷ್ಟು. ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಕೂದಲಿಗಿಂತ ತೆಳ್ಳಗಿನ ದಾರದಿಂದ ನಾಳಕ್ಕೆ ನಾಳ ಹೊಲಿಯುತ್ತೇವೆ. ಕ್ಲಿಪ್ ಬಿಟ್ಟ ಕೂಡಲೇ ಬಿಳಿಚಿಕೊಂಡಿದ್ದ ಚರ್ಮಕ್ಕೆ ಬಣ್ಣ ಬರಬೇಕು. ಒಂದು ಕಡೆಗೆ ಆರರಿಂದ ಎಂಟು ಗಂಟೆ ಹಿಡಿಯುತ್ತದೆ. ಮೊದಲ ಎರಡು ದಿನ ಗಂಟೆಗೊಮ್ಮೆ ನರ್ಸ್ ಬಂದು ಬಣ್ಣ, ಬಿಸಿ, ಡಾಪ್ಲರ್ ಯಂತ್ರದಲ್ಲಿ ರಕ್ತ ಹರಿಯುವ ಸದ್ದು ನೋಡುತ್ತಾರೆ. ನೀಲಿಗಟ್ಟಿದರೆ ಅಭಿಧಮನಿಯಲ್ಲಿ ರಕ್ತದ ಹರಿವಿಗೆ ತಡೆಯಾಗಿದೆ ಅಂತ ಅರ್ಥ. ಆ ಕ್ಷಣವೇ ಮತ್ತೆ ಆಪರೇಷನ್ ಥಿಯೇಟರ್‌ಗೆ (ಓಟಿ) ಹೋಗಬೇಕು. ಅನುಭವ ಇರುವ ಕಡೆ ನೂರರಲ್ಲಿ ಒಂದರಿಂದ ಮೂರು ಫ್ಲಾಪ್ ಪೂರ್ತಿ ಕೈಕೊಡುತ್ತವೆ. ಇದನ್ನು ರೋಗಿಗೆ ಮೊದಲೇ ಹೇಳಲೇಬೇಕು.

ಸಿಸೇರಿಯನ್ ಆಗಿದ್ದವರು, ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡವರು "ಹೊಟ್ಟೆ ಕೊಯ್ದಾಗಿದೆಯಲ್ಲ" ಅಂತ ಹಿಂಜರಿಯುತ್ತಾರೆ. ಸಾಮಾನ್ಯವಾಗಿ ಅದು ಅಡ್ಡಿಯಲ್ಲ. ರಕ್ತನಾಳ ಹೇಗಿವೆ ಅಂತ ಸಿಟಿ ಆಂಜಿಯೋ ಮಾಡಿ ನೋಡುತ್ತೇವೆ. ನಿಜವಾದ ಅಡ್ಡಿ ತಂಬಾಕು. ಸಿಗರೇಟ್ ಸೇದುತ್ತೀರಾ ಅಂದರೆ ನಮ್ಮ ಹೆಂಗಸರು ಇಲ್ಲ ಅನ್ನುತ್ತಾರೆ, ಅದು ನಿಜವೇ. ಎಲೆಅಡಿಕೆಗೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕಿಕೊಳ್ಳುತ್ತೀರಾ ಅಂತ ಕೇಳಿದರೆ ಮಾತ್ರ ವಿಷಯ ಹೊರಬರುತ್ತದೆ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು.

ಹೊಟ್ಟೆಯ ಗೆರೆ ಉದ್ದ ಇರುತ್ತದೆ, ಆದರೆ ಸೀರೆ ಉಡುವ ಜಾಗಕ್ಕಿಂತ ಕೆಳಗೆ ಬರುವಂತೆ ನೋಡಿಕೊಳ್ಳುತ್ತೇವೆ. ಲಂಗದ ಲಾಡಿ ಹಸಿ ಗಾಯಕ್ಕೆ ಉಜ್ಜುತ್ತದೆ, ಹಾಗಾಗಿ ಮೊದಲ ಕೆಲವು ವಾರ ನೈಟಿಯೇ ಒಳ್ಳೆಯದು. ಒಂದೆರಡು ವಾರ ಸ್ವಲ್ಪ ಬಗ್ಗಿಯೇ ನಡೆಯಬೇಕು. ಆರೆಂಟು ವಾರ ನೀರಿನ ಬಿಂದಿಗೆ ಎತ್ತುವಂತಿಲ್ಲ. ಹಳ್ಳಿಯಿಂದ ಬಂದವರ ಮನೆಯವರನ್ನು ಕರೆದು ಇದನ್ನು ಬಿಡಿಸಿ ಹೇಳುತ್ತೇನೆ. ಮನೆಗೆ ಹೋದ ಮೇಲೆ ನೀರು ತರುವವರು ಯಾರು ಅನ್ನುವುದು ಮೊದಲೇ ತೀರ್ಮಾನ ಆಗಬೇಕು.

ತೊಟ್ಟನ್ನು ಕೆಲವು ತಿಂಗಳ ನಂತರ ಅಲ್ಲಿಯ ಚರ್ಮದಿಂದಲೇ ಮಾಡಿ, ಸುತ್ತಲಿನ ಬಣ್ಣವನ್ನು ಟ್ಯಾಟೂ ಹಾಕಿ ತರಬಹುದು. ಆದರೆ ಮೊದಲಿದ್ದ ಸ್ಪರ್ಶ ಮರಳುವುದಿಲ್ಲ. ಸ್ವಲ್ಪ ಬಂದರೂ ಪೂರ್ತಿ ಅಲ್ಲ. ಇದರಿಂದ ಒಂದು ಅಪಾಯವೂ ಇದೆ: ನೋವಿಗೆ ಅಂತ ಬಿಸಿನೀರಿನ ಬ್ಯಾಗ್ ಇಟ್ಟುಕೊಂಡು, ಸುಡುವುದು ಗೊತ್ತಾಗದೆ ಬೊಬ್ಬೆ ಎದ್ದು ಬರುವವರಿದ್ದಾರೆ. ಕಟ್ಟಿದ ಎದೆಯ ಮೇಲೆ, ಹೊಟ್ಟೆಯ ಮರಗಟ್ಟಿದ ಜಾಗದ ಮೇಲೆ ಬಿಸಿ ಶಾಖ ಬೇಡವೇ ಬೇಡ.

ಸರ್ಜನ್‌ನ ಹೇಗೆ ಆರಿಸುವುದು? ಎಂಬಿಬಿಎಸ್, ಎಂಎಸ್ ಆದ ಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಆರ್‌ಎನ್‌ಬಿ ಮಾಡಿದ್ದಾರಾ ಅಂತ ನೋಡಿ. ಅಷ್ಟೇ ಸಾಲದು. ಪ್ಲಾಸ್ಟಿಕ್ ಸರ್ಜನ್‌ಗಳಲ್ಲಿ ಸುಟ್ಟ ಗಾಯ ನೋಡುವವರು, ಕೈ ಜೋಡಿಸುವವರು, ಸೀಳುತುಟಿ ಸರಿಮಾಡುವವರು ಎಲ್ಲರೂ ಇದ್ದಾರೆ. ಸ್ತನ ಮರುರಚನೆಯನ್ನು ಆಗಾಗ ಮಾಡುವವರೇ ಬೇಕು. ಕಳೆದ ವರ್ಷ ಎಷ್ಟು ಮಾಡಿದಿರಿ, ಯಾವ ಯಾವ ವಿಧಾನ ಮಾಡುತ್ತೀರಿ ಅಂತ ಕೇಳಿ. ಒಂದೇ ವಿಧಾನ ಬಲ್ಲವರು ಎಲ್ಲರಿಗೂ ಅದನ್ನೇ ಹೇಳುತ್ತಾರೆ, ಹಾಗಾದಾಗ ನಿಮಗೆ ಆಯ್ಕೆಯೇ ಇರುವುದಿಲ್ಲ. ಡೀಪ್ ಫ್ಲಾಪ್ ಆದರೆ ರಾತ್ರಿ ಎರಡು ಗಂಟೆಗೆ ತೊಂದರೆ ಆದರೆ ಯಾರು ಬರುತ್ತಾರೆ, ಓಟಿ ಸಿಗುತ್ತದಾ ಅಂತ ಕೇಳಿ. ಫೋಟೋ ತೋರಿಸಿದರೆ ಚೆನ್ನಾಗಿ ಬಂದವನ್ನು ಮಾತ್ರ ಅಲ್ಲ, ಸಾಧಾರಣವಾಗಿ ಬಂದವನ್ನೂ ತೋರಿಸಿ ಅನ್ನಿ. ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳುವ ಸರ್ಜನ್ ಹತ್ತಿರ ಹೋಗಬೇಡಿ.

ದುಡ್ಡಿನ ಬಗ್ಗೆ ಒಂದು ಮಾತು. ಪ್ಲಾಸ್ಟಿಕ್ ಸರ್ಜರಿ ಅಂದ ಕೂಡಲೇ ಇನ್ಶೂರೆನ್ಸ್ ಸಿಗಲ್ಲ ಅಂತ ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ. ಆದರೆ ವಿಮಾ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ಆರೋಗ್ಯ ವಿಮೆಗೆ ನಿಗದಿ ಮಾಡಿದ ವಾಕ್ಯವೇ ಇದೆ: ಸೌಂದರ್ಯದ ಅಥವಾ ಪ್ಲಾಸ್ಟಿಕ್ ಸರ್ಜರಿಯನ್ನು ಹೊರಗಿಡಬಹುದು, ಆದರೆ ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ನಂತರದ ಮರುರಚನೆಯನ್ನು ಹಾಗೆ ಹೊರಗಿಡುವಂತಿಲ್ಲ. ನಿರಾಕರಿಸಿದರೆ ಪಾಲಿಸಿಯಲ್ಲಿ ಆ ಸಾಲು ಹುಡುಕಿ ತೋರಿಸಿ. ಸರ್ಕಾರಿ ಆರೋಗ್ಯ ಕಾರ್ಡ್ ಇರುವವರು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಆಪರೇಷನ್‌ಗೆ ಮೊದಲೇ ಕಂಡು ಯಾವುದಕ್ಕೆ ಮಂಜೂರಾತಿ ಸಿಗುತ್ತದೆ ಅಂತ ಕೇಳಿಕೊಳ್ಳಿ.

ಕಟ್ಟಿಸಿಕೊಳ್ಳಲೇಬೇಕು ಅಂತ ನಾನು ಹೇಳುತ್ತಿಲ್ಲ. ಬೇಡ ಅನ್ನುವುದೂ ಸರಿಯಾದ ತೀರ್ಮಾನವೇ. ಬ್ರಾ ಒಳಗೆ ಇಟ್ಟುಕೊಳ್ಳುವ ಸಿಲಿಕೋನ್ ಪ್ಯಾಡ್ ಇದೆ, ಹಗುರವಾದ ಹೆಣೆದ ಹತ್ತಿಯ ಪ್ಯಾಡ್ ಇದೆ. ಏನೂ ಬೇಡ ಅಂತ ಹಾಗೇ ಇರುವವರೂ ಇದ್ದಾರೆ. ನಾನು ಕೇಳುವುದು, ಬೇಕೋ ಬೇಡವೋ ಅಂತ ಹೇಳುವುದು ಆಕೆಯೇ ಆಗಿರಬೇಕು ಅಂತ. ಒಪಿಡಿಯಲ್ಲಿ ಪ್ರಶ್ನೆ ಕೇಳಿದರೆ ಗಂಡನೋ ಮಗನೋ ಉತ್ತರ ಕೊಡುತ್ತಾರೆ. "ಈ ವಯಸ್ಸಲ್ಲಿ ಅಮ್ಮನಿಗೆ ಅದೆಲ್ಲ ಯಾಕೆ ಡಾಕ್ಟ್ರೇ." ಅವರನ್ನು ಐದು ನಿಮಿಷ ಹೊರಗೆ ಕೂರಿಸಿದರೆ ಅಮ್ಮನ ಉತ್ತರ ಬೇರೆಯೇ ಇರುವುದನ್ನು ಎಷ್ಟೋ ಸಲ ನೋಡಿದ್ದೇನೆ. ವಯಸ್ಸಿಗಿಂತ ಹೃದಯ, ಸಕ್ಕರೆ, ಒಟ್ಟು ಆರೋಗ್ಯ ಮುಖ್ಯ.

ಆಪರೇಷನ್ ಆಗಿಹೋಗಿದ್ದರೂ ಚಿಂತೆ ಬೇಡ. ಹತ್ತು ವರ್ಷ ಕಳೆದಿದ್ದರೂ ಕಟ್ಟಬಹುದು, ದಾರಿ ಸ್ವಲ್ಪ ಉದ್ದ ಅಷ್ಟೇ. ಬರುವಾಗ ಆಪರೇಷನ್ ನೋಟ್ಸ್, ಬಯಾಪ್ಸಿ ರಿಪೋರ್ಟ್, ಕೀಮೋ ಮತ್ತು ರೇಡಿಯೇಷನ್ ಚೀಟಿ ತನ್ನಿ. ಫೈಲ್ ಕಳೆದಿದ್ದರೆ ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಬರೆದು ಕೊಡಿ. ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮದ ಪ್ರಕಾರ ದಾಖಲೆಗಳನ್ನು ಮೂರು ವರ್ಷ ಇಟ್ಟಿರಬೇಕು, ಕೇಳಿದ 72 ಗಂಟೆಯೊಳಗೆ ಕೊಡಬೇಕು. ಮೂರು ವರ್ಷ ದಾಟಿದ್ದರೂ ಒಮ್ಮೆ ಕೇಳಿ ನೋಡಿ. ಸಿಗದಿದ್ದರೂ ಬನ್ನಿ, ಹೊಸದಾಗಿ ಪರೀಕ್ಷೆ ಮಾಡಿ ಅಲ್ಲಿಂದ ಶುರು ಮಾಡುತ್ತೇವೆ.